ಅಕ್ಕನಿಗೆ ಮಾಡಿದ ಆರತಿ

ಜೆ.ಪಿ. ನಗರದ ಮಗಳ ಮನೆಯಲ್ಲಿ ಈ ಬೆಳಿಗ್ಗೆ ಸಂಕ್ರಾಂತಿಗೆಂದು ಎಳ್ಳು ಹುರಿಯುತ್ತಿದ್ದರು. ಘಮ ಮೂಗಿಗೆ ತಾಗಿದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. ನಗಬೇಡಿ. ಎಳ್ಳಿನ ಮೇಲೆ ಹಗೆ ಸಾಧಿಸುವ ಅಜ್ಜಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಎಪ್ಪತ್ತರ ದಶಕದಲ್ಲಿ ನಾವು ಹನುಮಂತನಗರದಲ್ಲಿದ್ದೆವು. ನನ್ನ ಅಕ್ಕ ವಿಶಾಲ ಹದಿನಾರು ದಾಟಿದರೂ ದೊಡ್ಡವಳಾಗಿರಲಿಲ್ಲ. ನಮ್ಮ ಬೀದಿಯ ಹೆಂಗಸರಿಗೆ ತಮ್ಮ ಒಲೆಯ ಮೇಲೆ ಹಾಲು ಉಕ್ಕಿದ್ದು ಗೊತ್ತಾಗುತ್ತಿರಲಿಲ್ಲ, ಪಕ್ಕದ ಮನೆಯ ಹುಡುಗಿಯ ತಿಂಗಳ ಲೆಕ್ಕ ಮಾತ್ರ ಬಾಯಿಪಾಠ. ಕೊನೆಗೆ ಅಪ್ಪ ಅಮ್ಮ ಅವಳನ್ನು ದೊಡ್ಡ ಡಾಕ್ಟರರಿಗೆ ತೋರಿಸಿದರು. ಅಕ್ಕನಿಗೆ ಹುಟ್ಟಿನಿಂದಲೇ ಗರ್ಭಕೋಶವಿರಲಿಲ್ಲ, ಕ್ರೋಮೋಸೋಮುಗಳು ಗಂಡುಮಕ್ಕಳಲ್ಲಿರುವಂಥವು. "ಆರೋಗ್ಯವಾಗಿದಾಳೆ, ಹುಡುಗಿಯಾಗೇ ಬೆಳೀತಾಳೆ. ಆದ್ರೆ ಅವಳಿಗೆ ಮಾತ್ರ ಹೇಳ್ಬೇಡಿ, ಮನಸ್ಸಿಗೆ ಹಚ್ಕೋತಾಳೆ" ಎಂದರಂತೆ ಡಾಕ್ಟರು. ಅವಳದೇ ಮೈ, ಅವಳಿಗೇ ಗುಟ್ಟು! ಅಪ್ಪ ತಲೆಯಾಡಿಸಿ ಬಂದರು.

ಬೀದಿಯ ಬಾಯಿ ಮುಚ್ಚಿಸಲು ಅಮ್ಮ, ಅಕ್ಕ ದೊಡ್ಡವಳಾದಳೆಂದು ಸಾರಿ ಆರತಿಯನ್ನೇ ಇಟ್ಟುಕೊಂಡಳು. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟಿ, ಅಕ್ಕನಿಗೆ ರೇಷ್ಮೆ ಲಂಗ ಉಡಿಸಿ, ಮಣೆಯ ಮೇಲೆ ಕೂರಿಸಿದಳು. ಲಂಗ ನೋಡಿ ಹೊಟ್ಟೆಕಿಚ್ಚುಪಟ್ಟ ನಾನು ಮುಖ ಊದಿಸಿಕೊಂಡೇ ಚಿಗಳಿ ಮೆದ್ದೆ.

"ಅಮ್ಮ, ನನಗೇನೂ ಆಗೇ ಇಲ್ವಲ್ಲ?" ಅಕ್ಕ ಪಿಸುಗುಟ್ಟಿದಳು.

"ಬಾಯ್ಮುಚ್ಕೊಂಡು ಕೂತ್ಕೋ. ಆಗುತ್ತೆ."

ಆಮೇಲೆ ಪ್ರತಿ ತಿಂಗಳೂ ಅವಳನ್ನು ಮೂರು ದಿನ ಹೊರಗೆ ಕೂರಿಸಿ, ಬೀದಿಯವರಿಗೆ ಕಾಣುವ ಹಾಗೆ ಬೇರೆ ತಟ್ಟೆಯಲ್ಲಿ ಅನ್ನ ಹಾಕಿದರು. ಅಮ್ಮ ಎಲ್ಲದರಲ್ಲೂ ಅಚ್ಚುಕಟ್ಟು. ಅಕ್ಕ ಅಮ್ಮನ "ಆಗುತ್ತೆ" ಎಂಬ ಮಾತನ್ನು ನಂಬಿ ವರ್ಷಗಟ್ಟಲೆ ಕಾದಳು, ಹರಕೆ ಹೊತ್ತಳು, ತಾನೇ ಏನೋ ಪಾಪ ಮಾಡಿರಬೇಕೆಂದುಕೊಂಡಳು. ಎಂಬತ್ತರ ದಶಕದಲ್ಲಿ ಹೊಟ್ಟೆನೋವೆಂದು ಜಯನಗರದ ಡಾಕ್ಟರೊಬ್ಬರ ಬಳಿ ಹೋದಾಗ, ಅವರು ಸ್ಕ್ಯಾನ್ ನೋಡಿ, "ಗರ್ಭಕೋಶ ಇಲ್ಲ ಅಂತ ನಿಮಗೆ ಗೊತ್ತೇ ಇರ್ಬೇಕಲ್ಲ" ಎಂದರು.

ಮನೆಗೆ ಬಂದು ಅಮ್ಮನೆದುರು ನಿಂತ ಅಕ್ಕ ಅಳಲಿಲ್ಲ. "ಇಲ್ದೇ ಇರೋದಕ್ಕಲ್ಲಮ್ಮ ನನ್ನ ಸಂಕಟ. ಬೀದಿಗೆ ಹೇಳಿದ ಸುಳ್ಳನ್ನೇ ನನಗೂ ಹೇಳಿದ್ರಲ್ಲ."

"ಎಲ್ಲ ನಿನ್ನ ಒಳ್ಳೇದಕ್ಕೇ ಕಣೇ" ಎಂದಳು ಅಮ್ಮ. ಆ ಒಳ್ಳೆಯದಕ್ಕಿಷ್ಟು ಬೆಂಕಿ ಬೀಳಲಿ.

ನನ್ನ ಮೊಮ್ಮಗಳಿಗೂ ಅದೇ ಎಂದು ಹೋದ ವಾರ ತಿಳಿಯಿತು. ಇದು ತಾಯಿಯ ಕಡೆಯಿಂದ ಬರುವುದುಂಟಂತೆ. ಈಗಿನ ಡಾಕ್ಟರು, ಒಳಗಿರುವ ಗ್ರಂಥಿಗಳನ್ನು ತೆಗೆಯುವ ಆಪರೇಷನ್ನಿಗೆ ಅವಸರವಿಲ್ಲ, ಮೊದಲು ಮಗುವಿಗೆ ಅರ್ಥವಾಗುವ ಹಾಗೆ ಹೇಳಿ, ಜೊತೆಗೆ ನಾವಿರುತ್ತೇವೆ ಎಂದಿದ್ದಾರೆ. ಅಷ್ಟು ಹೇಳಿಸಿಕೊಂಡು ಬಂದ ನನ್ನ ಮಗಳೇ ಇವತ್ತು ನನ್ನನ್ನೂ ಹಬ್ಬಕ್ಕೆ ಬಂದಿದ್ದ ಅಕ್ಕನನ್ನೂ ಕೋಣೆಗೆ ಕರೆದು ಬಾಗಿಲು ಹಾಕಿದಳು.

"ಅಮ್ಮ, ದೊಡ್ಡಮ್ಮ, ಪುಟ್ಟಿಗೆ ಮಾತ್ರ ಏನೂ ಹೇಳೋದು ಬೇಡ. ಪಾಪ, ಚಿಕ್ಕೋಳು."

ನಾನು ಕೂಗಾಡಲು ಬಾಯಿ ತೆರೆದೆ. ಅಕ್ಕ ನನ್ನ ಕೈ ಅದುಮಿ ಎದ್ದು, ಬಾಗಿಲು ತೆಗೆದಳು.

"ಪುಟ್ಟೀ, ಬಾಮ್ಮ ಇಲ್ಲಿ. ನಿನ್ನ ವಿಷಯಾನೇ ಮಾತಾಡ್ತಿದೀವಿ. ನೀನೂ ಕೂತ್ಕೋ."