ಅಕ್ಕ ಅಳೆಯದೇ ಬಿಟ್ಟ ಊರು

ನನ್ನ ಅಕ್ಕನ ಕೆಲಸ ಊರುಗಳನ್ನು ತೂಗಿ ನೋಡುವುದು. ದೂರದ ಕಂಪನಿಗಳು ತಮ್ಮ ಗಿರಾಕಿಗಳ ಫೋನು, ಬಿಲ್ಲು, ದೂರುಗಳನ್ನೆಲ್ಲ ಇನ್ನೆಲ್ಲೋ ಕೂತ ಜನರಿಗೆ ವಹಿಸುತ್ತವಲ್ಲ, ಅಂಥ ಸೇವಾ ಕೇಂದ್ರವನ್ನು ಯಾವ ಊರಿನಲ್ಲಿ ತೆರೆಯಬೇಕೆಂದು ಹೇಳುವವಳು ಅವಳು. ಬಾಡಿಗೆ, ಕರೆಂಟು, ಇಂಟರ್ನೆಟ್ಟು, ಬಸ್ಸು, ಎಲ್ಲದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾಳೆ. ಚಿಕ್ಕಂದಿನಲ್ಲಿ ನನ್ನ ಕೈಬರಹಕ್ಕೂ ಕೊಡುತ್ತಿದ್ದಳು. ಆರು ದಾಟಿದ್ದು ನನಗೆ ನೆನಪಿಲ್ಲ.

ಅವಳ ಆಫೀಸಿನ ಉಳಿದವರು ಕಂಪ್ಯೂಟರಿನ ಮುಂದೆ ಕೂತೇ ಊರು ಅಳೆಯುತ್ತಾರೆ. ಅಕ್ಕ ಹಾಗಲ್ಲ. ಬೆಳಿಗ್ಗೆ ಊರಿನ ಕೊನೆಯ ಬಡಾವಣೆಗೆ ಹೋಗಿ, ಕೆಲಸಕ್ಕೆ ಹೊರಟವರ ಜೊತೆ ತಾನೂ ಬಸ್ಸು ಹತ್ತಿ, ಗಡಿಯಾರ ನೋಡುತ್ತಾ ಬರುತ್ತಾಳೆ. ಸೀಟು ಸಿಕ್ಕಿತೇ, ಎಷ್ಟು ಹೊತ್ತು ಹಿಡಿಯಿತು, ಪಕ್ಕದವಳು ಮನೆ ಬಿಟ್ಟಾಗ ಅವಳ ಮಗು ಎದ್ದಿತ್ತೇ, ಎಲ್ಲ ಬರೆದುಕೊಳ್ಳುತ್ತಾಳೆ.

"ದಾರೀಲೇ ಸುಸ್ತಾದೋರು ಆರೇ ತಿಂಗಳಿಗೆ ಕೆಲಸ ಬಿಡ್ತಾರೆ ಕಣೆ. ಆಮೇಲೆ ಕಟ್ಟಡ ಎಷ್ಟು ಚೆನ್ನಾಗಿದ್ದು ಏನು ಬಂತು?" ಅನ್ನುತ್ತಾಳೆ.

ಈ ಸಲ ಅವಳ ಪಟ್ಟಿಯಲ್ಲಿ ನಾಲ್ಕು ಊರುಗಳಿದ್ದವು. ನಾಲ್ಕನೆಯದು ನಮ್ಮದು!

ನಾನು ದುಡಿಯುವುದೂ ಇಂಥದೇ ಕೇಂದ್ರದಲ್ಲಿ, ಆದರೆ ಎರಡೂವರೆ ತಾಸು ದೂರದ ನಗರದಲ್ಲಿ. ಮಗಳು ಏಳುವ ಮೊದಲು ಹೊರಡುತ್ತೇನೆ, ಅವಳು ಮಲಗಿದ ಮೇಲೆ ಬರುತ್ತೇನೆ. ಅವಳು ಬರೆದ ನಮ್ಮ ಮನೆಯ ಚಿತ್ರದಲ್ಲಿ ಅಪ್ಪ, ಅಜ್ಜಿ, ಬೆಕ್ಕು ಇದ್ದರು. ನಾನಿರಲಿಲ್ಲ. ಬೆಕ್ಕಾದರೂ ನಮ್ಮದೇ? ಅದೂ ಪಕ್ಕದ ಮನೆಯದು. ಆ ಚಿತ್ರ ನೋಡಿ ಬಚ್ಚಲಿಗೆ ಹೋಗಿ ಅತ್ತಿದ್ದೆ. ನಮ್ಮೂರಿಗೇ ಕೇಂದ್ರ ಬಂದರೆ ಮಗಳಿಗೆ ತಾಯಿ ಸಿಗುತ್ತಿದ್ದಳು.

ಭಾನುವಾರ ಊಟಕ್ಕೆ ಬಂದ ಅಕ್ಕ ಕೈ ತೊಳೆಯಲು ಎದ್ದಾಗ ಅವಳು ತಂದಿದ್ದ ಅಂಕದ ಹಾಳೆಗಳ ಮೇಲೆ ಕಣ್ಣಾಡಿಸಿದೆ. ನಮ್ಮೂರು ಎಲ್ಲಕ್ಕಿಂತ ಕೆಳಗಿತ್ತು. ಬಸ್ಸಿಗೆ ಮೂರು ಅಂಕ.

"ಎಲ್ಲಿಂದ ತಂದೆ ಈ ಮೂರು?" ಎಂದೆ.

"ಗಂಟೆಗೊಂದು ಬಸ್ಸು. ಅದೂ ಬಂದ್ರೆ ಬಂತು. ನಾನು ಹುಟ್ಟಿ ಬೆಳೆದ ಊರು, ನನಗೆ ಗೊತ್ತಿಲ್ವಾ?"

"ಕೊನೇ ಸಲ ಹತ್ತಿದ್ದು ಯಾವಾಗ?"

ಅಕ್ಕ ಬೆರಳು ಮಡಚಿ ವರ್ಷ ಎಣಿಸತೊಡಗಿದಳು. ಹತ್ತಿದ್ದು ಕಾಲೇಜಿಗೆ ಹೋಗುವಾಗ, ಹದಿನೆಂಟು ವರ್ಷದ ಹಿಂದೆ. ಈಗ ಬಂದರೆ ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುತ್ತಾಳೆ. ಮೂರು ಪರವೂರುಗಳನ್ನು ಬಸ್ಸಿನಲ್ಲಿ ನಿಂತು ಅಳೆದ ಮಹಾರಾಯಿತಿ ತನ್ನೂರನ್ನು ಮಾತ್ರ ನೆನಪಿನಿಂದ ತುಂಬಿಬಿಟ್ಟಿದ್ದಳು.

"ಸ್ವಂತ ಊರಿನ ಪರ ವಹಿಸಿದ್ಲು ಅಂತ ಯಾರೂ ಅನ್ನಬಾರದು ಅಂತ..." ಎಂದು ತಡವರಿಸಿದಳು.

"ಅದಕ್ಕೆ ನನ್ನ ಹೊಟ್ಟೆ ಮೇಲೆ ಹೊಡೆದ್ಯಾ?"

ನನ್ನ ಮಾತು ಹೆಚ್ಚಾಯಿತು, ಗೊತ್ತು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಕೊನೆಯ ಬಡಾವಣೆಗೆ ಹೋಗಿ ಬಸ್ಸು ಹತ್ತಿದಳು. ಹತ್ತು ನಿಮಿಷಕ್ಕೊಂದು ಬಸ್ಸಿತ್ತು. ಇಳಿದವಳೇ ತನ್ನ ಮೇಲಧಿಕಾರಿಗೆ ಫೋನು ಮಾಡಿ ತಪ್ಪು ಒಪ್ಪಿಕೊಂಡು, ಈ ಊರನ್ನು ಬೇರೆ ಯಾರಾದರೂ ಅಳೆಯಲಿ ಎಂದು ಕೇಳಿಕೊಂಡಳು. ಹದಿನಾರು ವರ್ಷದ ಕೆಲಸದಲ್ಲಿ ಅದು ಅವಳ ಮೊದಲ ತಪ್ಪೊಪ್ಪಿಗೆ. ಆಗ ನನಗೆ ಅವಳ ಮೇಲೆ ಹೆಮ್ಮೆಯಾಯಿತು. ಅವಳೆದುರು ಹೇಳಿಕೊಳ್ಳಲಿಲ್ಲ, ಅಷ್ಟೆ.

ಅವಳ ಸಹೋದ್ಯೋಗಿಯೊಬ್ಬರು ಬಂದು, ಅಕ್ಕನ ರೀತಿಯಲ್ಲೇ ಮೂರು ದಿನ ಬಸ್ಸಿನಲ್ಲಿ ಓಡಾಡಿ, ಬಸ್ಸಿಗೆ ಎಂಟು ಅಂಕ ಕೊಟ್ಟರು. ನಮ್ಮೂರು ಎರಡನೆಯದಾಯಿತು. ಕಂಪನಿಯವರು ಮೊದಲನೆಯ ಊರಿನಲ್ಲಿ ದೊಡ್ಡ ಕೇಂದ್ರ, ನಮ್ಮಲ್ಲಿ ಎಂಬತ್ತು ಕುರ್ಚಿಯ ಚಿಕ್ಕದೊಂದು ತೆರೆದರು. ನನಗೆ ಬೇಕಾಗಿದ್ದು ಒಂದೇ ಕುರ್ಚಿ. ಅಕ್ಕನ ಹೆಸರೆತ್ತದೆ ಸಂದರ್ಶನಕ್ಕೆ ಹೋದೆ, ಸಿಕ್ಕಿತು.

ಮೊದಲ ದಿನ ಸಂಜೆ ಬಿಸಿಲಿರುವಾಗಲೇ ಮನೆ ಸೇರಿದೆ. ಮಗಳು ಹಳೆಯ ಚಿತ್ರವನ್ನೇ ಹುಡುಕಿ ತಂದು, ಜಾಗ ಸಾಲದೆ, ಬೆಕ್ಕನ್ನು ಅಳಿಸಿ ನನ್ನನ್ನು ಬರೆದಳು. ಬಾಲ ಸರಿಯಾಗಿ ಅಳಿಸಿರಲಿಲ್ಲ, ನನಗೇ ಅಂಟಿಕೊಂಡಿತ್ತು.

ನನ್ನ ಮೊದಲ ದಿನವೆಂದು ಬಂದಿದ್ದ ಅಕ್ಕ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪೆನ್ನು ತೆಗೆದು ಮೂಲೆಯಲ್ಲಿ ಹತ್ತಕ್ಕೆ ಹತ್ತು ಎಂದು ಬರೆದಳು.