ಚೀಲದ ತಳದ ಚೀಟಿ

ಹಳಿಯಾಳದ ಡಾಕ್ಟರು ನಮ್ಮ ಮಾವನವರ ಕಾಲದಿಂದಲೂ ನಮ್ಮ ಮನೆಗೆ ಬೇಕಾದವರು. ಬೆರಳಿನ ಕೀಲುಗಳೆಲ್ಲ ಬಾತು ರೊಟ್ಟಿ ಬಡಿಯಲಾಗದೆ ನಾನು ಕೂತಿದ್ದಾಗ ಅವರು ಬರೆದುಕೊಟ್ಟ ಸ್ಟಿರಾಯ್ಡ್ ಮಾತ್ರೆ ವಾರದೊಳಗೆ ನನ್ನನ್ನು ಮತ್ತೆ ಒಲೆಯ ಮುಂದೆ ಕೂರಿಸಿತು. ಮುಖ ಊದಿಕೊಂಡಿತು. ನಮ್ಮೂರು ಸಾಂಬ್ರಾಣಿಯ ಹೆಂಗಸರು "ಮೈ ಹಿಡದೀರಿ ಬಿಡ್ರಿ" ಎಂದರು. ನಾನೂ ಹಿಗ್ಗಿದೆ, ಮೂರ್ಖಳು.

ಆಮೇಲೆ ದಾಂಡೇಲಿಯ ತಂಗಿಯ ಮನೆಗೆ ಹೋದಾಗ ಭುಜ ಹಿಡಿದುಕೊಂಡಿತು. ಅವಳು ತನಗೆ ಗೊತ್ತಿದ್ದ ಡಾಕ್ಟರ ಹತ್ತಿರ ಕರೆದೊಯ್ದಳು.

"ಬ್ಯಾರೆ ಗುಳಗಿ ಏನರ ತಗೋತೀರೇನ್ರಿ?" ಎಂದು ಅವರು ಕೇಳಿದರು.

"ಇಲ್ರೀ."

ನಮ್ಮ ಕಡೆ ಹಾಗೆಯೇ. ಒಬ್ಬ ಡಾಕ್ಟರ ಮುಂದೆ ಇನ್ನೊಬ್ಬರ ಮಾತೆತ್ತಿದರೆ ಇಬ್ಬರಿಗೂ ಅವಮಾನ ಎಂದು ಚೀಟಿಯನ್ನು ಚೀಲದ ತಳಕ್ಕೆ ತುರುಕುತ್ತೇವೆ. ಅವರು ನೋವಿನ ಮಾತ್ರೆ ಬರೆದರು. ಎರಡನ್ನೂ ನುಂಗುತ್ತ ಇಪ್ಪತ್ತು ದಿನ ಸುಖವಾಗಿದ್ದೆ.

ಒಂದು ಬೆಳಿಗ್ಗೆ ಮಲ ಡಾಂಬರಿನ ಹಾಗೆ ಕಪ್ಪಗಿತ್ತು. ಹಿತ್ತಲಿಂದ ಬರುವಾಗ ಕಣ್ಣು ಕತ್ತಲೆಗಟ್ಟಿ ಬಿದ್ದೆ. ನಮ್ಮವರು ಹಳಿಯಾಳಕ್ಕೆ ಕರೆದೊಯ್ದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿದೆ ಎಂದ ಡಾಕ್ಟರು, ಮತ್ತೇನು ತಿಂದಿರಿ ಎಂದು ಕೇಳಿದರು. ದಾಂಡೇಲಿಯ ಚೀಟಿ ತೆಗೆದು ಮೇಜಿನ ಮೇಲಿಟ್ಟು, ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಇವೆರಡೂ ಕೂಡಿ ಹೊಟ್ಟಿ ತಿಂದಾವವ್ವಾ. ಹೇಳಿದ್ರ ನಾ ಸಿಟ್ಟಿಗೇಳತಿದ್ನೇನು?"

"ತಪ್ಪಾತ್ರಿ. ಎರಡೂ ಬಿಡ್ತೇನಿ."

"ನೋವಿನ ಗುಳಗಿ ಇವತ್ತ ಬಿಡ್ರಿ. ನಾ ಕೊಟ್ಟದ್ದನ್ನ ಒಮ್ಮೆಲೆ ಬಿಟ್ರ ಜೀವಕ್ಕ ಕುತ್ತು ಬರತೈತಿ. ಸ್ವಲ್ಪ ಸ್ವಲ್ಪ ಇಳಸೂಣು."

ಧಾರವಾಡದಲ್ಲಿ ರಕ್ತ ಹಾಕಿಸಿಕೊಂಡು ಮನೆಗೆ ಬಂದೆ. ಮಾತ್ರೆ ಕಡಿಮೆಯಾದಂತೆ ಬೆರಳು ಮತ್ತೆ ಬಿಗಿಯತೊಡಗಿದವು. ಹೆಚ್ಚು ತಿನ್ನುವಂತಿಲ್ಲ, ಪೂರಾ ಬಿಡುವಂತಿಲ್ಲ, ನೋವಿಗೆ ಬೇರೇನೂ ಕೇಳುವಂತಿಲ್ಲ. ಬೋನಿಗೆ ಬಿದ್ದ ಇಲಿಯ ಪಾಡು. ಈಗ ನನ್ನ ಜಡೆ ಹೆಣೆಯಲು ಸೊಸೆ ಬರಬೇಕು. ಅವಳು ಬೇಸರಪಡುವುದಿಲ್ಲ, ನನಗೇ ಅಳು ಬರುತ್ತದೆ.

ನಿನ್ನೆ ತಂಗಿ ಫೋನ್ ಮಾಡಿದ್ದಳು.

"ಅಕ್ಕಾ, ಇಲ್ಲೆ ಇನ್ನೊಬ್ಬ ಡಾಕ್ಟರು ಬಂದಾರ. ಅವರ ಗುಳಗಿ ನೋವಿಗೆ ಭಾಳ ಛಲೋ ಅಂತ. ಕಳಸ್ಲೇನು?"

ಅಡುಗೆಮನೆಯಲ್ಲಿ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಕೇಳದ ಹಾಗೆ ದನಿ ತಗ್ಗಿಸಿದೆ.

"ಯಾವಾಗ ಕಳಸ್ತಿ?" ಎಂದೆ.