ಗಾಜಿನ ಪೆಟ್ಟಿಗೆಗೆ ಹೋದ ಕೋಟು

ಮೂರು ವರ್ಷದ ಹಿಂದೆ ಚಿಕ್ಕಮಗಳೂರಿನಲ್ಲಿ ಒಂದು ಕೆರೆಯ ದಂಡೆಯನ್ನು ಚಂದ ಮಾಡುವ ಕೆಲಸ ಶುರುವಾಯಿತು. ಹೂಳು ತೆಗೆದರು, ಸುತ್ತಲೂ ಕಲ್ಲು ಹಾಸಿ ಓಡಾಡಲು ದಾರಿ ಮಾಡಿದರು, ಬಣ್ಣದ ಕಾರಂಜಿ ಇಟ್ಟರು, ಬಾತುಕೋಳಿ ಆಕಾರದ ದೋಣಿಗಳನ್ನು ನೀರಿಗೆ ಬಿಟ್ಟರು. ಗಿರಿ ನೋಡಲು ಬರುವ ಪ್ರವಾಸಿಗಳು ಪೇಟೆಯಲ್ಲೂ ಒಂದು ಗಳಿಗೆ ನಿಲ್ಲಲಿ ಎಂದು ನೀರಿಗೆ ಮುಖ ಮಾಡಿ ಒಂದು ಸೈನಿಕ ಮ್ಯೂಸಿಯಂ ಕಟ್ಟುವ ಯೋಜನೆಯೂ ಅದರ ಜೊತೆ ಸೇರಿಕೊಂಡಿತು. ಎಲ್ಲಿಂದಲೋ ಒಂದು ಹಳೇ ಟ್ಯಾಂಕು ಲಾರಿಯ ಮೇಲೆ ಬಂದಿಳಿಯಿತು. ಕಟ್ಟಡವೂ ಎದ್ದಿತು. ಒಳಗೆ ಇಡಲು ಸಾಮಾನು ಮಾತ್ರ ಇರಲಿಲ್ಲ. ಆಗ ಸಮಿತಿಯವರಿಗೆ ಜಿಲ್ಲೆಯ ಸೈನಿಕರ ಮನೆಗಳು ನೆನಪಾದವು. ಹಾಗೆ ಹುಡುಕಿಕೊಂಡು ಮೂಡಿಗೆರೆ ದಾಟಿ ನಮ್ಮ ಮನೆಗೂ ಬಂದರು.

ನಮ್ಮ ಮನೆಯಲ್ಲಿ ಇರುವುದು ಮೂವರು: ನಮ್ಮ ಅತ್ತೆ, ನಾನು, ಮಗಳು ಸಹನಾ. ನನ್ನ ಯಜಮಾನರು ಸೈನ್ಯದಲ್ಲಿದ್ದರು. ಉತ್ತರದ ಗಡಿಯಲ್ಲಿ ಹಿಮ ಕುಸಿದು ಅವರು ತೀರಿಕೊಂಡಾಗ ಸಹನಾ ಇನ್ನೂ ನನ್ನ ಹೊಟ್ಟೆಯಲ್ಲಿದ್ದಳು. ಎಲ್ಲ ಮುಗಿದ ಮೇಲೆ ಅವರ ಕಪ್ಪು ಟ್ರಂಕು ಮನೆಗೆ ಬಂತು. ಅದರಲ್ಲಿ ಒಂದು ಉಣ್ಣೆಯ ದೊಡ್ಡ ಕೋಟಿತ್ತು. ಸಹನಾಳಿಗೆ ಅಪ್ಪ ಎಂದರೆ ಗೋಡೆಯ ಮೇಲಿನ ಫೋಟೊ ಮತ್ತು ಆ ಕೋಟು, ಅಷ್ಟೇ. ಚಿಕ್ಕವಳಿದ್ದಾಗ ಜ್ವರ ಬಂದರೆ ಕಂಬಳಿ ಬೇಡ, ಅಪ್ಪನ ಕೋಟು ಹೊದೆಸು ಎಂದು ಹಟ ಮಾಡುತ್ತಿದ್ದಳು.

ನಮ್ಮ ಕಡೆ ಮಳೆಗಾಲದಲ್ಲಿ ಮುಚ್ಚಿಟ್ಟ ಯಾವ ವಸ್ತುವೂ ಉಳಿಯುವುದಿಲ್ಲ. ಬೆಲ್ಟು, ಚಪ್ಪಲಿ, ಬೀರುವಿನೊಳಗಿನ ರೇಷ್ಮೆ ಸೀರೆ, ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಜೂನ್ ಬಂತೆಂದರೆ ನಾನು ಆ ಕೋಟನ್ನು ಟ್ರಂಕಿನಿಂದ ತೆಗೆದು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದೆ. ಮಳೆ ಬಿಟ್ಟು ಒಂದಿಷ್ಟು ಬಿಸಿಲು ಕಂಡರೆ ಅಂಗಳದಲ್ಲಿ ಹರಡುತ್ತಿದ್ದೆ. ಹೊಗೆ ಕುಡಿದು ಕುಡಿದು ಕೋಟಿನ ಬಣ್ಣ ಮಾಸಿತ್ತು, ಆದರೆ ಬೂಷ್ಟಿಗೆ ಒಂದು ಎಳೆಯೂ ಹಾಳಾಗಿರಲಿಲ್ಲ. ಇಪ್ಪತ್ತು ಮಳೆಗಾಲಕ್ಕೂ ಮಿಕ್ಕಿ ಹೀಗೇ ಕಾಪಾಡಿಕೊಂಡು ಬಂದಿದ್ದೆ.

ಮನೆಗೆ ಬಂದವರು ಸಮಿತಿಯ ಕಾರ್ಯದರ್ಶಿಗಳು. ದೊಡ್ಡ ಕಾಫಿ ಪ್ಲಾಂಟರು, ಒಳ್ಳೆಯ ಮಾತುಗಾರರು. ಸೈನ್ಯದಲ್ಲಿ ಒಂದು ದಿನವೂ ಇದ್ದವರಲ್ಲ, ಆದರೂ ತಲೆಯ ಮೇಲೆ ಹಸಿರು ಚುಕ್ಕೆ ಚುಕ್ಕೆಯ ಮಿಲಿಟರಿ ಟೋಪಿ. ಅತ್ತೆ ಬಿಸಿ ಕಡುಬು ಬಡಿಸಿದರು. ಅವರು ತಿನ್ನುತ್ತಲೇ ಕೋಟು ಕೇಳಿದರು.

"ಅಮ್ಮಾ, ಟ್ರಂಕಿನೊಳಗಿದ್ರೆ ನಿಮ್ಮ ಮನೆಯವ್ರು ಮಾತ್ರ ನೋಡ್ತೀರ. ಅಲ್ಲಿಟ್ರೆ ಇಡೀ ಜಿಲ್ಲೆ ಕೈ ಮುಗೀತದೆ."

ನನಗೆ ಮನಸ್ಸಿರಲಿಲ್ಲ. "ಸಾರ್, ಅಲ್ಲಿ ಕೆರೆ ಪಕ್ಕ. ಮಳೆಗಾಲದಲ್ಲಿ ಬೂಷ್ಟು ಬರಲ್ವಾ?" ಎಂದೆ.

"ಗಾಜಿನ ಪೆಟ್ಟಿಗೆ ಅಮ್ಮಾ, ಏರ್‌ಟೈಟ್. ಗಾಳಿ ಕೂಡ ಒಳಗೆ ಹೋಗಲ್ಲ."

ಗಾಳಿ ಹೋಗದಿದ್ದರೆ ಬೂಷ್ಟು ಇನ್ನೂ ಬೇಗ ಬರುತ್ತದೆ ಎಂದು ನನಗೆ ಗೊತ್ತು. ಕಾಫಿ ಬೆಳೆಯುವ ಅವರಿಗೂ ಗೊತ್ತಿರಲೇಬೇಕು. ಆದರೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಕೊಡೇ ಮಾರಾಯ್ತಿ. ನನ್ ಮಗನ್ನ ನಾಕು ಜನ ನೋಡ್ಲಿ" ಎಂದರು. ಸಹನಾ ಕೂಡ ಕೊಡೋಣ ಅಮ್ಮ ಎಂದಳು. ನಾನು ಒಂದೇ ಒಂದು ಮಾತು ಕೇಳಿದೆ. ಮಹಾಲಯ ಅಮಾವಾಸ್ಯೆಗೆ ನಾವು ಹಿರಿಯರಿಗೆ ಎಡೆ ಇಡುವಾಗ ಯಜಮಾನರ ಫೋಟೊದ ಮುಂದೆ ಮಣೆಯ ಮೇಲೆ ಆ ಕೋಟನ್ನು ಇಡುತ್ತೇವೆ. ಪ್ರತಿ ವರ್ಷ ಅದೊಂದು ಹಬ್ಬಕ್ಕೆ ಕೋಟು ಮನೆಗೆ ಬರಬೇಕು. "ಖಂಡಿತ ಅಮ್ಮಾ, ನಾನೇ ಕಾರಲ್ಲಿ ಕಳಿಸ್ತೀನಿ" ಎಂದು ಅವರು ಎದೆ ಮುಟ್ಟಿಕೊಂಡು ಹೇಳಿದರು.

ಮ್ಯೂಸಿಯಂ ಶುರುವಾದ ದಿನ ನಾವು ಮೂವರೂ ಹೋಗಿದ್ದೆವು. ಸುಳ್ಳೇಕೆ ಹೇಳಲಿ, ನನಗೆ ಹೆಮ್ಮೆಯಾಯಿತು. ಪೆಟ್ಟಿಗೆಯೊಳಗೆ ದೀಪ, ದೀಪದ ಕೆಳಗೆ ಕೋಟು, ಪಕ್ಕದಲ್ಲಿ ಯಜಮಾನರ ಹೆಸರು. ಸ್ಕೂಲು ಮಕ್ಕಳು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಅತ್ತೆಗೆ ಕಣ್ಣು ಮಂಜು. ಗಾಜಿಗೆ ಮೂಗು ತಾಗಿಸಿ ನಿಂತುಬಿಟ್ಟರು. ಸಹನಾ ಅವರನ್ನು ನಿಧಾನಕ್ಕೆ ಬಿಡಿಸಿಕೊಂಡು ಬಂದಳು.

ಆ ವರ್ಷ ಮಳೆ ಜೋರಾಗಿ ಹಿಡಿಯಿತು. ಬಚ್ಚಲ ಒಲೆಯ ಮುಂದೆ ಕೂತಾಗಲೆಲ್ಲ ಖಾಲಿ ಹಗ್ಗ ಕಂಡು ಜೀವ ತಡೆಯುತ್ತಿರಲಿಲ್ಲ. ಒಂದು ದಿನ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, "ಸಾರ್, ಒಂದ್ಸಲ ಪೆಟ್ಟಿಗೆ ತೆಗೆದು ಕೋಟು ಬಿಸಿಲಿಗೆ ಹಾಕ್ಸಿ" ಎಂದೆ. "ಬಿಸಿಲೆಲ್ಲಿದೆ ಅಮ್ಮಾ?" ಎಂದು ನಕ್ಕರು. ಅದೂ ನಿಜವೇ ಎಂದು ನಾನೂ ಸುಮ್ಮನಾದೆ.

ಮಹಾಲಯ ಹತ್ತಿರ ಬಂತು. ಅವರ ಕಾರು ಬರಲಿಲ್ಲ. ನಾನೇ ಬಸ್ಸು ಹತ್ತಿ ಹೋದೆ. ಪೆಟ್ಟಿಗೆಯ ಮೇಲೆ ಬಿಳೀ ಬಟ್ಟೆ ಮುಚ್ಚಿತ್ತು. ಅಲ್ಲಿದ್ದ ಕೆಲಸದವರನ್ನು ಕೇಳಿದರೆ ಕೋಟು ಡ್ರೈಕ್ಲೀನಿಂಗಿಗೆ ಹೋಗಿದೆ, ಕಾರ್ಯದರ್ಶಿಗಳು ಊರಲ್ಲಿಲ್ಲ, ನಾಡಿದ್ದು ಬನ್ನಿ ಎಂದರು. ನಾಡಿದ್ದು ಮತ್ತೆ ಹೋದೆ. ಈ ಸಲ ಕಾರ್ಯದರ್ಶಿಗಳೇ ಇದ್ದರು. ಪ್ಲಾಸ್ಟಿಕ್ ಕವರಿನಲ್ಲಿ ನೀಟಾಗಿ ಮಡಚಿಟ್ಟ ಕೋಟನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. "ಹಬ್ಬ ಮುಗಿದ ಕೂಡ್ಲೆ ತಂದ್ಬಿಡಿ ಅಮ್ಮಾ. ಈಗ ಇದು ಮ್ಯೂಸಿಯಂ ಆಸ್ತಿ" ಎಂದರು. ಒಂದು ರುಜುವನ್ನೂ ಹಾಕಿಸಿಕೊಂಡರು. ನನ್ನ ಗಂಡನ ಕೋಟು ಒಯ್ಯಲು ನನ್ನದೇ ರುಜು. ಇರಲಿ, ಹಬ್ಬಕ್ಕೆ ಮನೆಗೆ ಬರುತ್ತಿದೆಯಲ್ಲ ಎಂದುಕೊಂಡು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ.

ಅಮಾವಾಸ್ಯೆಯ ದಿನ ಕೋಳಿ ಸಾರು, ಕಡುಬು, ಯಜಮಾನರಿಗೆ ಇಷ್ಟವಿದ್ದ ಪಾಯಸ ಮಾಡಿ, ಒಂದು ಚಿಕ್ಕ ಲೋಟದಲ್ಲಿ ರಮ್ ಇಟ್ಟೆ. ಕವರು ಬಿಚ್ಚಿ ಕೋಟನ್ನು ಮಣೆಯ ಮೇಲಿಟ್ಟೆ. ಬಣ್ಣ ಗಾಢವಾಗಿತ್ತು. ಡ್ರೈಕ್ಲೀನ್ ಮಾಡಿಸಿದ್ದಾರಲ್ಲ, ಹಾಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆ ಕೋಟನ್ನು ಎತ್ತಿ ಮುಖಕ್ಕೆ ಒತ್ತಿಕೊಂಡು ಅತ್ತರು. ಆಮೇಲೆ ಕೈಯಲ್ಲಿ ಸವರಿ ಸವರಿ ನೋಡಿ ನನಗೇ ಬೈದರು.

"ನೋಡೇ, ಎಷ್ಟು ಚೆನ್ನಾಗಿಟ್ಕಂಡಾರೆ! ಹೊಸದ್ರಂಗೆ ಐತೆ. ನಿನ್ ಕೈಯಾಗಿದ್ದಾಗ ಬರೀ ಹೊಗೆ ವಾಸ್ನೆ. ಮೊದ್ಲೇ ಕೊಡಬಕಿತ್ತು ಕಣೆ."

ಬಾಯಿಗೆ ಬಂದ ಮಾತನ್ನು ಹಬ್ಬದ ದಿನ ಜಗಳ ಬೇಡವೆಂದು ನುಂಗಿಕೊಂಡೆ.

ಎಲ್ಲರ ಊಟವಾದ ಮೇಲೆ ಸಹನಾ ನನ್ನನ್ನು ಅಡುಗೆಮನೆಗೆ ಕರೆದಳು. ಮುಖ ಬಿಳುಚಿಕೊಂಡಿತ್ತು.

"ಅಮ್ಮ, ಅದು ಅಪ್ಪನ ಕೋಟಲ್ಲ."

"ಎಂತ ಮಾತಾಡ್ತೀಯೆ?"

"ಎಡಗಡೆ ಜೇಬಿಗೆ ಕೈ ಹಾಕಿ ನೋಡು."

ಯಜಮಾನರ ಕೋಟಿನ ಎಡಗಡೆ ಜೇಬಿನ ತಳ ಹರಿದಿತ್ತು. ಸಹನಾ ಹುಡುಗಿಯಾಗಿದ್ದಾಗ ಅದರೊಳಗೆ ಕೈ ತೂರಿಸಿ ಅಸ್ತರಿನೊಳಗೆ ಹುಣಸೆಬೀಜ ಬಚ್ಚಿಡುತ್ತಿದ್ದಳು. ಹೊಲಿದುಕೊಡುತ್ತೇನೆ ಎಂದರೆ ಅಪ್ಪ ಹರಿದದ್ದು ಹಾಗೇ ಇರಲಿ ಎನ್ನುತ್ತಿದ್ದಳು. ಈ ಕೋಟಿನ ಜೇಬಿನ ತಳ ಗಟ್ಟಿಯಾಗಿತ್ತು. ಒಳಗಡೆ ಕಾಲರಿನ ಕೆಳಗೆ ಒಂದು ಚೀಟಿ ಹೊಲಿದಿತ್ತು. ಸೆಕ್ಯುರಿಟಿ ಗಾರ್ಡುಗಳಿಗೆ ಸಮವಸ್ತ್ರ ಹೊಲಿಯುವ ಒಂದು ಅಂಗಡಿಯ ಹೆಸರು ಅದರ ಮೇಲಿತ್ತು. ಯಾರೂ ಒಂದು ದಿನವೂ ತೊಡದ ಬಟ್ಟೆಯ ಮುಂದೆ ನಾವು ಎಡೆಯಿಟ್ಟು ಅಡ್ಡಬಿದ್ದಿದ್ದೆವು.

ಮರುದಿನ ಅತ್ತೆಗೆ ಪೇಟೆಯಲ್ಲಿ ಕೆಲಸವಿದೆ ಎಂದು ಹೇಳಿ ಇಬ್ಬರೂ ಮ್ಯೂಸಿಯಮ್ಮಿಗೆ ಹೋದೆವು. ಕಾರ್ಯದರ್ಶಿಗಳು ಟೀ ತರಿಸಿದರು. ಟೀ ಬೇಡ, ಅಪ್ಪನ ಕೋಟು ಎಲ್ಲಿದೆ ಎಂದು ಸಹನಾ ಕೇಳಿದಳು. ಅವರು ಒಂದಷ್ಟು ಹೊತ್ತು ಅದೇ ಇದು, ಕ್ಲೀನ್ ಮಾಡಿದ್ದಕ್ಕೆ ಹಾಗೆ ಕಾಣುತ್ತದೆ ಎಂದರು. ಇವಳು ಅಂಗಡಿಯ ಹೆಸರು ಹೇಳಿದ ಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಜುಲೈಗೇ ಬೂಷ್ಟು ಹಿಡೀತು ಅಮ್ಮಾ. ಪೂರ್ತಿ ಬೆಳ್ಳಗಾಗಿ ಹೋಯ್ತು. ಆಮೇಲೆ ಹುಳ ಬಿದ್ವು. ನೋಡೋ ಜನ ವಾಸನೆ ಅಂದ್ರು."

"ನಂಗೊಂದು ಫೋನ್ ಮಾಡಬಹುದಿತ್ತಲ್ಲ ಸಾರ್. ಓಡಿ ಬರ್ತಿದ್ದೆ."

"ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

"ಈಗ ಎಲ್ಲಿದೆ?"

ಅವರು ಕಿಟಕಿಯ ಕಡೆ ನೋಡಿದರು. ಹೊರಗೆ ಕೆರೆಯಲ್ಲಿ ಬಾತುಕೋಳಿ ದೋಣಿಯ ಮೇಲೆ ಯಾರೋ ಗಂಡಹೆಂಡತಿ ನಗುತ್ತ ಪೆಡಲ್ ತುಳಿಯುತ್ತಿದ್ದರು. "ದಂಡೆ ಕ್ಲೀನ್ ಮಾಡೋರ ಗಾಡಿಗೆ ಹಾಕ್ಸಿದ್ವಿ" ಎಂದರು.

ಕಸದ ಗಾಡಿಗೆ! ಸಹನಾ ಎದ್ದು ನಿಂತು ಕೂಗಾಡಿದಳು. ಪೇಪರಿಗೆ ಹಾಕಿಸುತ್ತೇನೆ, ಎಲ್ಲರ ಮುಂದೆ ಮರ್ಯಾದೆ ತೆಗೆಯುತ್ತೇನೆ ಎಂದಳು. ಅವರು ತಗ್ಗಿದ ದನಿಯಲ್ಲೇ ಇದ್ದರು. "ನೋಡು ಮಗಾ, ಜನ ಕೈ ಮುಗಿಯೋದು ನಿನ್ನಪ್ಪನ ಹೆಸರಿಗೆ. ಬಟ್ಟೆಗಲ್ಲ. ಯಾವ ಕೋಟಾದ್ರೇನು?" ಎಂದರು. ನನಗೆ ಆ ಮಾತಿಗೆ ಸಿಟ್ಟು ಬಂದಷ್ಟು ಕಸದ ಗಾಡಿಗೂ ಬಂದಿರಲಿಲ್ಲ. ಯಾವ ಕೋಟಾದರೂ ಆಗುವುದಿದ್ದರೆ ನಮ್ಮ ಮನೆಯವರೆಗೆ ಬಂದು ಕಡುಬು ತಿಂದು ಕೇಳಿದ್ದು ಯಾಕೆ? ಅದನ್ನೇ ಬಾಯಿಬಿಟ್ಟು ಕೇಳಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಸಹನಾ ಪೇಪರಿನವರಿಗೆ ಏನು ಬರೆಯುವುದು ಎಂದು ಹೇಳುತ್ತಲೇ ಇದ್ದಳು. ಮನೆಗೆ ಬಂದು ನೋಡಿದರೆ ಅತ್ತೆ ಜಗಲಿಯಲ್ಲಿ ಆ ಕೋಟನ್ನು ಹೊದ್ದು ನಿದ್ದೆ ಮಾಡುತ್ತಿದ್ದರು. ಎಷ್ಟೋ ದಿನದಿಂದ ಸರಿಯಾಗಿ ನಿದ್ದೆಯಿಲ್ಲದ ಜೀವ. ಸಹನಾ ಬಾಗಿಲಲ್ಲೇ ನಿಂತಳು. ಪೇಪರಿನ ಮಾತು ಅಲ್ಲಿಗೇ ನಿಂತಿತು. ಪೇಪರಿನಲ್ಲಿ ಬಂದರೆ ಸಂಜೆಯೊಳಗೆ ಯಾರಾದರೂ ಅತ್ತೆಗೆ ಓದಿ ಹೇಳುತ್ತಾರೆ. ನಿನ್ನ ಮಗನ ಕೋಟು ಕಸಕ್ಕೆ ಹೋಯಿತು ಎಂದು ಆ ಮುದುಕಿಯ ಕಿವಿಗೆ ಹಾಕುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಕಾರ್ಯದರ್ಶಿಗಳ ಫೋನು ಬಂತು. "ಅಮ್ಮಾ, ಕೋಟು ಇನ್ನೂ ಬರ್ಲಿಲ್ಲ. ಮುಂದಿನ ವಾರ ದೊಡ್ಡವ್ರು ಬರ್ತಾರೆ, ಪೆಟ್ಟಿಗೆ ಖಾಲಿ ಇದೆ."

"ಅತ್ತೆ ಬಿಟ್ಟುಕೊಡ್ತಾ ಇಲ್ಲ ಸಾರ್. ಇದನ್ನ ಎಲ್ಲಿ ಹೊಲ್ಸಿದ್ರೋ ಅಲ್ಲೇ ಇನ್ನೊಂದು ಹೊಲ್ಸಿ ಇಟ್ಕೊಳ್ಳಿ" ಎಂದೆ. ಮುಖಕ್ಕೆ ಹೊಡೆದಂತೆ ಆಗಲಿ ಎಂದೇ ಹಾಗೆ ಹೇಳಿದ್ದು.

ಆ ಕಡೆ ಅವರ ದನಿ ಹಗುರಾಯಿತು. "ಹಂಗಾದ್ರೆ ನಿಮ್ಮದೇನೂ ಅಭ್ಯಂತರ ಇಲ್ಲ ಅಲ್ವಾ ಅಮ್ಮಾ? ಬಹಳ ಉಪಕಾರ ಆಯ್ತು" ಎಂದು ಫೋನ್ ಇಟ್ಟರು.

ಈಗ ಅಲ್ಲಿ ಇನ್ನೊಂದು ಕೋಟಿದೆಯಂತೆ. ಕೆಳಗೆ ನನ್ನ ಗಂಡನ ಹೆಸರು ಹಾಗೇ ಇದೆಯಂತೆ. ಹೋಗಿ ಬಂದವರು ಫೋಟೊ ತೋರಿಸಿ, ನಿಮ್ಮ ಮನೆಯವರ ಕೋಟು ನೋಡಿ ಬಂದೆವು ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ನಾನು ಆಮೇಲೆ ಆ ಕೆರೆಯ ಕಡೆ ತಲೆ ಹಾಕಿಲ್ಲ. ಸಿಟ್ಟು ಆರಿಲ್ಲ, ಆರುತ್ತದೆ ಎಂದು ನನಗೆ ಅನ್ನಿಸುವುದೂ ಇಲ್ಲ. ಕೂಗಾಡಿ ಹಗುರಾಗೋಣವೆಂದರೆ ನನ್ನ ಮನೆಯಲ್ಲೇ ಅದಕ್ಕೆ ಜಾಗವಿಲ್ಲ. ರಾತ್ರಿ ಚಳಿಗೆ ಕೋಟು ಹೊದ್ದುಕೊಳ್ಳುವಾಗಲೆಲ್ಲ ಅತ್ತೆ, "ಆ ಟೋಪಿ ಗೌಡ್ರು ನೂರ್ಕಾಲ ಬಾಳ್ಲಿ. ನನ್ ಮಗನ್ನ ವಾಪಸ್ ಕಳಿಸ್ಕೊಟ್ರು" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.